2 ರೂಪಾಯಿ ನಾಣ್ಯದಲ್ಲಿ ಉಲ್ಟಾ ಸಿಂಹ: ಟಂಕಸಾಲೆಯ ತಪ್ಪಾ, ಆಮೇಲೆ ಯಾರೋ ಮಾಡಿದ್ದಾ?

ನೀವು ಕೇಳಿದ್ದು ಇಷ್ಟು. ಚಿಕ್ಕಮಗಳೂರಿನಲ್ಲಿ ಒಬ್ಬರು 2000ನೇ ಇಸವಿಯ, ಹನ್ನೊಂದು ಮೂಲೆಯ 2 ರೂಪಾಯಿ ನಾಣ್ಯ ತೋರಿಸಿದ್ದಾರೆ. ಒಂದು ಕಡೆ ಸಿಂಹ ಸರಿಯಾಗಿದೆ. ಭಾರತದ ನಕ್ಷೆ ಇರಬೇಕಾದ ಕಡೆ ಅದೇ ಸಿಂಹ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ, ಒಳಕ್ಕೆ ಇಳಿದಿದೆ. 3,000 ರೂಪಾಯಿ ಹೇಳುತ್ತಿದ್ದಾರೆ. ಕೊಳ್ಳಬಹುದಾ ಅಂತ.

ಇನ್ನೂ ದುಡ್ಡು ಕೊಟ್ಟಿಲ್ಲ ಅಲ್ವಾ? ಹಾಗಾದರೆ ಇದನ್ನು ಓದಿ, ಆಮೇಲೆ ನಾಣ್ಯವನ್ನು ಇನ್ನೊಂದು ಸಲ ಕೈಗೆ ತಗೊಳ್ಳಿ.

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ನಮ್ಮದೊಂದು ದಿನಸಿ ಅಂಗಡಿ. ದಿನಾ ರಾತ್ರಿ ಗಲ್ಲಾದ ಚಿಲ್ಲರೆ ಎಣಿಸುವಾಗ ಇಂಥ ನಾಣ್ಯ ಹುಡುಕುವುದು ಇಪ್ಪತ್ತು ವರ್ಷದ ಅಭ್ಯಾಸ. ಶುರುವಿನಲ್ಲಿ ನಾನೂ ನಿಮ್ಮದರಂಥದ್ದೇ ಒಂದನ್ನು ಕೊಂಡಿದ್ದೆ. ಮನೆಗೆ ತಂದು ಭೂತಗನ್ನಡಿ ಹಿಡಿದಾಗ ಉಲ್ಟಾ ಸಿಂಹದ ಕೆಳಗೆ ಮಸುಕಾಗಿ ಕನ್ಯಾಕುಮಾರಿ ಕಾಣಿಸಿತು. ಅವತ್ತು ತುಂಬಾ ಬೇಜಾರಾಯಿತು. ಆದರೆ ನೋಡಬೇಕಾದ್ದು ಏನು ಅಂತ ಗೊತ್ತಾಗಿದ್ದೂ ಅವತ್ತೇ.

ನಾಣ್ಯ ಹುಟ್ಟುವ ಬಗೆ ಹೀಗೆ. ಲೋಹದ ತಗಡಿನಿಂದ ಬೋಳು ಬಿಲ್ಲೆ ಕತ್ತರಿಸುತ್ತಾರೆ. ಅದನ್ನು ಎರಡು ಅಚ್ಚುಗಳ ಮಧ್ಯೆ ಇಟ್ಟು ಟನ್‌ಗಟ್ಟಲೆ ಭಾರದಲ್ಲಿ ಒತ್ತುತ್ತಾರೆ. ಕೆಲವು ಸಲ ಒತ್ತಿದ ನಾಣ್ಯ ಕೆಳಗೆ ಬೀಳದೆ ಒಂದು ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚು. ಆಗ ಒಂದು ಕಡೆ ಸರಿಯಾದ ಸಿಂಹ, ಇನ್ನೊಂದು ಕಡೆ ಉಲ್ಟಾ, ಇಳಿದ ಸಿಂಹ. ಇದಕ್ಕೆ ಬ್ರೋಕೇಜ್ ಅನ್ನುತ್ತಾರೆ. ನಮ್ಮ ದೇಶದ ಸಂಗ್ರಹಕಾರರ ಬಾಯಲ್ಲಿ ಇದು ಲಖಿ.

ಈಗ ಕಳ್ಳ ದಾರಿ. ಒಂದು ನಾಣ್ಯದ ನಕ್ಷೆಯ ಮೇಲೆ ಇನ್ನೊಂದರ ಸಿಂಹ ಇಟ್ಟು ಬೆಂಚ್ ವೈಸ್‌ನಲ್ಲಿ, ಅಂದರೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಹಿಡಿದಿಡುವ ತಿರುಪಿನ ಇಕ್ಕಳದಲ್ಲಿ, ಬಿಗಿ ಮಾಡುವುದು. ನಿಮ್ಮ ನಾಣ್ಯ ತಾಮ್ರ ನಿಕ್ಕಲ್ ಮಿಶ್ರಣದ್ದು, ಸ್ಟೀಲಿನಷ್ಟು ಗಟ್ಟಿ ಅಲ್ಲ. ಒತ್ತಿದರೆ ಗುರುತು ಬೀಳುತ್ತದೆ. ಆದರೆ ವೈಸ್‌ಗೆ ಟಂಕಸಾಲೆಯ ಶಕ್ತಿ ಇಲ್ಲ. ಸಿಂಹದ ಎತ್ತರದ ಭಾಗ ಮಾತ್ರ ಇಳಿಯುತ್ತದೆ, ಸುತ್ತಲಿನ ಸಣ್ಣ ಅಕ್ಷರ ಅರ್ಧಂಬರ್ಧ. ಹಳೆಯ ನಕ್ಷೆಯ ಗೆರೆ ತಗ್ಗಿನಲ್ಲಿ ಉಳಿದೇ ಇರುತ್ತದೆ. ನಿಜವಾದ ಲಖಿಯಲ್ಲಿ ಆ ಕಡೆ ನಕ್ಷೆ ಹುಟ್ಟಿಯೇ ಇರುವುದಿಲ್ಲ, ಅದರ ನೆರಳೂ ಸಿಗಬಾರದು. ಇನ್ನೊಂದು ಮಾತು: ಸರಿ ಇರುವ ಸಿಂಹದ ಮುಖ ನೋಡಿ. ವೈಸ್‌ನ ದವಡೆ ಆ ಕಡೆ ಕೂತಿದ್ದರೆ ಮೂಗು, ಜೂಲು ಚಪ್ಪಟೆಯಾಗಿ ಹೊಳೆಯುತ್ತವೆ. ಚರ್ಮದ ತುಂಡು ಇಟ್ಟು ಒತ್ತುವವರೂ ಇದ್ದಾರೆ. ಹಾಗಾಗಿ ಆ ಮುಖ ಚೆನ್ನಾಗಿದೆ ಅಂತ ಅಷ್ಟಕ್ಕೇ ನಂಬಬೇಡಿ.

ಉಲ್ಟಾ ಸಿಂಹ ಸ್ವಲ್ಪ ದೊಡ್ಡದಾಗಿ, ಹರಡಿಕೊಂಡಂತೆ ಇದ್ದರೆ ಅದನ್ನೇ ನಕಲಿ ಅನ್ನಬೇಡಿ. ಅಂಟಿದ ನಾಣ್ಯ ಹತ್ತಾರು ಏಟು ತಿಂದರೆ ತಾನೇ ಅಗಲವಾಗುತ್ತದೆ. ಅದು ಒತ್ತುವ ಚಿತ್ರವೂ ಅಗಲವಾಗುತ್ತದೆ.

ತೂಕ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ನಾಣ್ಯ 6 ಗ್ರಾಂ ಇರಬೇಕು. ಆದರೆ ವೈಸ್‌ನಲ್ಲಿ ಒತ್ತಿದ್ದೂ 6 ಗ್ರಾಮೇ ತೂಗುತ್ತದೆ, ಲೋಹ ಎಲ್ಲೂ ಹೋಗಿಲ್ಲವಲ್ಲ. ತೂಕ ಕೆಲಸಕ್ಕೆ ಬರುವುದು ಲೋಹ ಕಳೆದುಹೋದ ಕಡೆ. ಆಸಿಡ್‌ನಲ್ಲಿ ಅದ್ದಿ ತೆಳ್ಳಗೆ ಮಾಡಿದ್ದು ತಕ್ಕಡಿಯಲ್ಲಿ ಸಿಕ್ಕಿಬೀಳುತ್ತದೆ. ನಾನು ಯಾವ ನಾಣ್ಯ ಬಂದರೂ ಮೊದಲು ಕೇಳಿಕೊಳ್ಳುವುದು ಇದೊಂದೇ: ಇಲ್ಲಿನ ಲೋಹ ಎಲ್ಲಿಗೆ ಹೋಯಿತು?

ಗೀರು ಬಿದ್ದರೆ ಲೋಹ ಪಕ್ಕಕ್ಕೆ ತಳ್ಳಿಕೊಂಡು ಎದ್ದಿರುತ್ತದೆ, ಮಧ್ಯೆ ಕಾಲುವೆ. ಅಚ್ಚೇ ಬಿರುಕು ಬಿಟ್ಟಿದ್ದರೆ ಬಿಲ್ಲೆಯ ಲೋಹ ಆ ಬಿರುಕಿಗೆ ಹೋಗಿ ತುಂಬುತ್ತದೆ. ಆಗ ನಾಣ್ಯದ ಮೇಲೆ ಉಬ್ಬಿದ ಗೆರೆ. ಗೆರೆ ಇಳಿದಿದ್ದರೆ ಅನುಮಾನಿಸಿ, ಉಬ್ಬಿದ್ದರೆ ಇನ್ನೊಮ್ಮೆ ನೋಡಿ. ಅಂಚು ಕಚ್ಚಿದಂತೆ ಇರುವ ನಾಣ್ಯ ಇನ್ನೊಂದು ಬಗೆ. ಪೂರಿ ಹಿಟ್ಟನ್ನು ದೊಡ್ಡದಾಗಿ ಲಟ್ಟಿಸಿ ಡಬ್ಬಿ ಮುಚ್ಚಳದಿಂದ ಒತ್ತುವಾಗ, ಮುಚ್ಚಳ ಹಿಂದಿನ ತೂತಿನ ಮೇಲೆ ಸ್ವಲ್ಪ ಕೂತರೆ ಪೂರಿಯ ಒಂದು ಕಡೆ ಚಂದ್ರನಂತೆ ಕಡಿಮೆ ಬರುತ್ತದೆ. ಬಿಲ್ಲೆಗೂ ಹಾಗೇ ಆಗುತ್ತದೆ. ಅಂಥದ್ದರಲ್ಲಿ ಕಚ್ಚಿದ ಜಾಗದ ಸರಿ ಎದುರಿನ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ, ಏಕೆಂದರೆ ಅಂಚು ಎಬ್ಬಿಸುವ ಯಂತ್ರದಲ್ಲಿ ಅಲ್ಲಿಗೆ ಒತ್ತಡ ಸಿಕ್ಕಿರುವುದಿಲ್ಲ. ಅರ ಹಾಕಿ ಉಜ್ಜಿದವರಿಗೆ ಎದುರಿನ ಅಂಚು ನೆನಪಾಗುವುದಿಲ್ಲ.

ರೈಲು ಹಳಿ ಮೇಲೆ ಇಟ್ಟು ಚಪ್ಪಟೆ ಮಾಡಿದ್ದನ್ನು ಕೆಲವರು ಅಗಲ ನಾಣ್ಯ ಅಂತ ತರುತ್ತಾರೆ. ಅಕ್ಷರ ಎಳೆದುಕೊಂಡು ಹೋಗಿದ್ದರೆ ಅದು ಹಳಿಯ ಕೆಲಸ. ತೂತಿನ ಕಾಸನ್ನೂ ತರುತ್ತಾರೆ. 1943ರಿಂದ 1947ರವರೆಗೆ ಬಂದ ಒಂದು ಪೈಸೆಗೆ ತೂತು ಇದ್ದದ್ದೇ ವಿನ್ಯಾಸ. ಆದರೆ ಸಕಲೇಶಪುರದ ಕಡೆ ನಮ್ಮ ಅಜ್ಜಿ ಮನೆಯ ಹೊಸಿಲಲ್ಲಿ ತಾಮ್ರದ ಕಾಸು ಇಟ್ಟು ಮೊಳೆ ಹೊಡೆದಿದ್ದರು. ಹಳೆ ಮನೆ ಕೆಡವಿದಾಗ ಅವೂ ಹೊರಗೆ ಬರುತ್ತವೆ. ಆ ತೂತು ಮೊಳೆಯದ್ದು. ಟಿಪ್ಪು ಕಾಲದ ಆನೆ ಕಾಸಿನಲ್ಲಿ ಆನೆ ಪಕ್ಕಕ್ಕೆ ಸರಿದಿದ್ದರೆ ಅದನ್ನೂ ತಪ್ಪು ಅನ್ನಬೇಡಿ. ಕೈಯಲ್ಲಿ ಸುತ್ತಿಗೆಯಿಂದ ಹೊಡೆದ ನಾಣ್ಯ ಹಾಗೇ ಬರುತ್ತದೆ. ಇಸವಿ ಕೆಳಗಿನ ಚುಕ್ಕಿ ನೋಯ್ಡಾ ಟಂಕಸಾಲೆಯ ಗುರುತು, ನಕ್ಷತ್ರ ಹೈದರಾಬಾದಿನದು. ಇವನ್ನೂ ತಪ್ಪು ನಾಣ್ಯ ಅಂತ ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹೊಸಬರು ಅಲ್ಲೇ ದುಡ್ಡು ಕಳೆದುಕೊಂಡು ಈ ಹವ್ಯಾಸವನ್ನೇ ಬಿಟ್ಟುಬಿಡುತ್ತಾರೆ.

ನಾಳೆ ಅವರ ಹತ್ತಿರ ಹೋದಾಗ ಒಂದು ಟಾರ್ಚ್ ತಗೊಂಡು ಹೋಗಿ. ಬೆಳಕು ನೇರ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ನಾಣ್ಯವನ್ನು ನಿಧಾನ ತಿರುಗಿಸುತ್ತಾ ಕನ್ಯಾಕುಮಾರಿಯ ತುದಿ, ಗುಜರಾತಿನ ಮೂಲೆ ಎಲ್ಲಾದರೂ ಇಣುಕುತ್ತದಾ ನೋಡಿ. ಒಪ್ಪಿದರೆ ಎರಡೂ ಮುಖ, ಅಂಚು, ಮೂರರ ಫೋಟೊ ತೆಗೆದು ಇಲ್ಲೇ ಹಾಕಿ. ನಾನು ಅಂಗಡಿ ಮುಚ್ಚಿದ ಮೇಲೆ ರಾತ್ರಿ ಕೂತು ನೋಡುತ್ತೇನೆ. ಅಲ್ಲಿಯವರೆಗೆ ಮುಂಗಡ ಅಂತ ನೂರು ರೂಪಾಯಿಯನ್ನೂ ಕೊಡಬೇಡಿ.