ಸೀರಿಯಲ್ ನಂಬರಿಗೆ ಅಂಟಿಕೊಂಡ ಕಾಣದ ಅಕ್ಷರ

ಪ್ರಶ್ನೆ: ತುಮಕೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ದಾಸ್ತಾನು ಪಟ್ಟಿಗಾಗಿ ಯಂತ್ರದ ಸೀರಿಯಲ್ ನಂಬರ್ ತೋರಿಸುವ ‘ಡಬ್ಲ್ಯುಎಂಐಸಿ ಬಯಾಸ್ ಗೆಟ್ ಸೀರಿಯಲ್‌ನಂಬರ್’ ಕಮಾಂಡನ್ನು ಬ್ಯಾಚ್ ಫೈಲಿನ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು) ‘ಫಾರ್ /ಎಫ್’ ಒಳಗಿಟ್ಟು, ಅದೇ ಸಾಲಿನಲ್ಲಿ, ಫಲಿತಾಂಶದ ಒಂದೊಂದೇ ಇಡೀ ಸಾಲನ್ನು ಹಿಡಿದಿಡುವ %%ಎ ನಂತರ ಅಲ್ಪವಿರಾಮ ಹಾಕಿ ಲ್ಯಾಬಿನ ಹೆಸರನ್ನು ‘ಎಕೋ’ ಮಾಡಿದರೆ (ತೆರೆಗೆ ಬರೆಸಿದರೆ), ಆ ಹೆಸರು ನಂಬರಿನ ಮೊದಲ ಅಕ್ಷರಗಳ ಮೇಲೆಯೇ ಬಂದು ಕೂರುತ್ತದೆ. ನಂಬರಿಲ್ಲದ ಸಾಲೊಂದೂ ಬರುತ್ತದೆ. ಏನು ಕಾರಣ?
— ಲ್ಯಾಬ್ ಸಹಾಯಕ, ತುಮಕೂರು

ಉತ್ತರ: ವಿಂಡೋಸ್‌ನಲ್ಲಿ ಪ್ರತಿ ಸಾಲೂ ಕ್ಯಾರೇಜ್ ರಿಟರ್ನ್ (ಸಾಲಿನ ಆರಂಭಕ್ಕೆ ಮರಳು) ಮತ್ತು ಲೈನ್ ಫೀಡ್ (ಮುಂದಿನ ಸಾಲಿಗೆ ಇಳಿ) ಎಂಬ ಎರಡು ಸಂಕೇತಗಳಿಂದ ಮುಗಿಯುತ್ತದೆ. ಡಬ್ಲ್ಯುಎಂಐಸಿ ತನ್ನ ಫಲಿತಾಂಶವನ್ನು ಯುಟಿಎಫ್-16 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕೊಡುವುದರಿಂದ, ಅದು ‘ಫಾರ್ /ಎಫ್’ ಕೈಗೆ ಬರುವ ಹೊತ್ತಿಗೆ ಸಾಲಿನ ಕೊನೆಯಲ್ಲಿ ಎರಡು ಕ್ಯಾರೇಜ್ ರಿಟರ್ನ್‌ಗಳಿರುತ್ತವೆ. ಫಾರ್ ಒಂದನ್ನು ಮಾತ್ರ ತೆಗೆದುಹಾಕುತ್ತದೆ, ಉಳಿದದ್ದು ನಂಬರಿಗೆ ಅಂಟಿಕೊಳ್ಳುತ್ತದೆ. ಟೈಪ್‌ರೈಟರಿನಲ್ಲಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹಾಳೆಯನ್ನು ಮೇಲಕ್ಕೆ ಸರಿಸದೆ ಕ್ಯಾರೇಜನ್ನಷ್ಟೇ ಹಿಂದಕ್ಕೆ ತಳ್ಳಿದರೆ ಹೊಸ ಅಕ್ಷರಗಳು ಹಳೆಯವುಗಳ ಮೇಲೆಯೇ ಬೀಳುತ್ತವೆ. ಫಾರ್ ಖಾಲಿ ಸಾಲನ್ನು ಬಿಟ್ಟು ಮುಂದೆ ಹೋಗುವುದು ನಿಜವಾದರೂ, ಒಂದು ಕ್ಯಾರೇಜ್ ರಿಟರ್ನ್ ಉಳಿದ ಸಾಲು ಅದರ ಲೆಕ್ಕದಲ್ಲಿ ಖಾಲಿಯಲ್ಲ; ನಂಬರಿಲ್ಲದ ಸಾಲು ಬರುವುದು ಅದಕ್ಕೇ.

ಪರಿಹಾರವೆಂದರೆ ಫಾರ್ ಒಳಗೆ ಇನ್ನೊಂದು ಫಾರ್. ಮೊದಲು ಕಮಾಂಡಿನ ಕೊನೆಗೆ ‘/ವ್ಯಾಲ್ಯೂ’ ಸೇರಿಸಿರಿ. ಆಗ ‘ಸೀರಿಯಲ್‌ನಂಬರ್’ ಎಂಬ ಹೆಸರು, ಸಮ ಚಿಹ್ನೆ, ನಂಬರು ಒಂದೇ ಸಾಲಿನಲ್ಲಿ ಬರುತ್ತವೆ ಮತ್ತು ನಂಬರಿನ ಹಿಂದೆ ತುಂಬಿಕೊಳ್ಳುವ ಖಾಲಿ ಜಾಗಗಳ ಕಾಟವೂ ತಪ್ಪುತ್ತದೆ. ಹೊರಗಿನ ಫಾರ್‌ಗೆ "ಟೋಕನ್ಸ್=1* ಡೆಲಿಮ್ಸ್==" ಎಂದು ಕೊಟ್ಟರೆ ಸಾಲು ಸಮ ಚಿಹ್ನೆಯಲ್ಲಿ ಒಡೆದು, ಹೆಸರು %%ಎ ಯಲ್ಲೂ ನಂಬರು %%ಬಿ ಯಲ್ಲೂ ಸಿಗುತ್ತದೆ. ಒಳಗಿನ ಫಾರ್‌ಗೆ "ಡೆಲಿಮ್ಸ್=" (ಎಲ್ಲೂ ಒಡೆಯಬೇಡ) ಎಂದಷ್ಟೇ ಬರೆದು, ಆವರಣದೊಳಗೆ ಜೋಡಿ ಉದ್ಧರಣ ಚಿಹ್ನೆಗಳ ನಡುವೆ %%ಬಿ ಇಟ್ಟು, ಫಲವನ್ನು %%ಸಿ ಯಿಂದ ಪಡೆಯಿರಿ. ಉಳಿದಿದ್ದ ಕ್ಯಾರೇಜ್ ರಿಟರ್ನ್ ಇಲ್ಲಿ ಉದುರುತ್ತದೆ, ನಂಬರಿಲ್ಲದ ಸಾಲೂ ಮಾಯವಾಗುತ್ತದೆ. (ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.)

‘ಸೆಟ್’ ಮೂಲಕ ನಂಬರನ್ನು ವೇರಿಯಬಲ್‌ಗೆ ಹಾಕಿದರೆ ಸಾಕೆಂದು ಕೆಲವರು ಹೇಳುವುದುಂಟು. ಶೇಕಡಾ ಚಿಹ್ನೆಗಳ ನಡುವೆ ವೇರಿಯಬಲ್ಲನ್ನು ಬಳಸಿದಾಗ ಕ್ಯಾರೇಜ್ ರಿಟರ್ನ್ ತಾನಾಗಿಯೇ ಬಿದ್ದುಹೋಗುವುದರಿಂದ ಅವರ ಮಾತು ಅರ್ಧ ಸರಿ. ಆದರೆ ವೇರಿಯಬಲ್ಲನ್ನು ಆಶ್ಚರ್ಯಸೂಚಕ ಚಿಹ್ನೆಗಳ ನಡುವೆ ಇಟ್ಟು, ಅದರ ಬೆಲೆಯನ್ನು ಸಾಲು ನಡೆಯುವ ಹೊತ್ತಿಗಷ್ಟೇ ತುಂಬಿಕೊಳ್ಳುವ ರೀತಿಯಲ್ಲಿ (ಡಿಲೇಡ್ ಎಕ್ಸ್‌ಪ್ಯಾನ್ಷನ್) ಕ್ಯಾರೇಜ್ ರಿಟರ್ನ್ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಈ ಅಡ್ಡದಾರಿಯನ್ನು ನಾನು ಸೂಚಿಸುವುದಿಲ್ಲ.

ಇನ್ನೊಂದು ಮಾತು: ವಿಂಡೋಸ್ 10ರ 21ಎಚ್1 ಆವೃತ್ತಿಯಿಂದಲೇ ಮೈಕ್ರೋಸಾಫ್ಟ್ ಡಬ್ಲ್ಯುಎಂಐಸಿಯನ್ನು ಕೈಬಿಡುವ ಪಟ್ಟಿಗೆ ಸೇರಿಸಿದೆ. ಲ್ಯಾಬಿಗೆ ಹೊಸ ಯಂತ್ರಗಳು ಬರುವುದಿದ್ದರೆ, ವಿಂಡೋಸ್‌ನ ಇನ್ನೊಂದು ಕಮಾಂಡ್ ಸಾಧನವಾದ ಪವರ್‌ಶೆಲ್‌ನ ‘ಗೆಟ್-ಸಿಐಎಂಇನ್‌ಸ್ಟನ್ಸ್’ ಮೂಲಕ ‘ವಿನ್32_ಬಯಾಸ್’ನಿಂದ ಅದೇ ನಂಬರನ್ನು ಪಡೆಯುವಂತೆ ಫೈಲನ್ನು ಈಗಲೇ ತಿದ್ದಿಟ್ಟುಕೊಳ್ಳಿರಿ.