ಓದುಗರ ಪ್ರಶ್ನೆ: ಬಂದೂಕಿನ ರೂಪ ನೋಡಿ ನಿಷೇಧ ಮಾಡಬೇಕೇ?

ಪ್ರಶ್ನೆ: ಆನ್‌ಲೈನ್‌ನಾಗ ಮಿಲಿಟರಿ ರೈಫಲ್‌ನಂಗೇ ಕಾಣೋ ಕರಿ ಏರ್‌ಗನ್ ಲೈಸೆನ್ಸ್ ಇಲ್ಲದೇ ಸಿಗ್ತದ. ನಮ್ಮ ಕಾಕಾನ ಕಟ್ಟಿಗಿ ಹಿಡಿಕಿ ಡಬಲ್ ಬ್ಯಾರಲ್ ಮಾತ್ರ ಚುನಾವಣೆ ಬಂದ್ರ ಠಾಣೆಗೆ ಜಮಾ ಮಾಡಬೇಕಾಗ್ತದ. ಮೊದಲು ಆ ಕರಿ ಬಂದೂಕು ಬಂದ್ ಮಾಡಬೇಕಲ್ಲೇನ್ರಿ?
(ಓದುಗರು, ಆಳಂದ)

ಉತ್ತರ: ಎರಡರ ಹೊಡೆತದ ಲೆಕ್ಕ ಹಾಕಿ ನೋಡಿ. 0.177 ಬೋರಿನ (ಅಂದರೆ ನಳಿಕೆಯ ಒಳಗಲ 0.177 ಇಂಚಿನ) ಏರ್‌ಗನ್ ಅರ್ಧ ಗ್ರಾಂ ಸೀಸದ ಗುಂಡನ್ನು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಬಿಟ್ಟರೆ ಶಕ್ತಿ 10 ಜೌಲ್. ಡಬಲ್ ಬ್ಯಾರಲ್ ಹಾರಿಸುವ 12 ಬೋರಿನ ತೋಟಾ 32 ಗ್ರಾಂ ಚರೆಯನ್ನು 380 ಮೀಟರ್ ವೇಗದಲ್ಲಿ ಬಿಟ್ಟರೆ ಸುಮಾರು 2,300 ಜೌಲ್. 0.177 ಬೋರಿನ, 20 ಜೌಲ್ ಒಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ ಎಂದಿರುವುದು ಇದೇ ಕಾರಣಕ್ಕೆ. ಹಾಗಂತ ಆಟಿಕೆಯಲ್ಲ, 10 ಜೌಲ್ ಕಣ್ಣು ಕಳೆಯಲು ಧಾರಾಳ ಸಾಕು. ತೊಗರಿ ಹೊಲಕ್ಕೆ ಬರುವ ನವಿಲಿಗೆ ಅದರಿಂದ ಹೊಡೆದರೂ ವನ್ಯಜೀವಿ ಕೇಸೇ.

ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಬಣ್ಣ, ಹಿಡಿಕೆ ನೋಡುವುದಿಲ್ಲ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರುತ್ತಲೇ ಇದ್ದರೆ ಅದು ನಿಷೇಧಿತ ಆಯುಧ. ಒಳಗೆ ನುಣುಪು ಇರುವ ನಳಿಕೆ 20 ಇಂಚಿಗಿಂತ ಗಿಡ್ಡವಾಗಿದ್ದರೆ ಅದರ ವರ್ಗವೇ ಬೇರೆ, ಏಕೆಂದರೆ ಗಿಡ್ಡ ಬಂದೂಕನ್ನು ಶಾಲಿನಡಿ ಮುಚ್ಚಿಡಬಹುದು. ಲೈಸೆನ್ಸ್ ಇದೆಯೆಂದು ಕಾಕಾ ನಳಿಕೆ ಕೊಯ್ಸಿದರೆ ಅದೇ ಪ್ರತ್ಯೇಕ ಅಪರಾಧ.

ಇನ್ನೊಂದು ಅಳತೆ ಬೋರು. ಸೈನ್ಯದ .303, 9 ಎಂ.ಎಂ. ತೋಟಾ ನುಂಗುವ ಬಂದೂಕು ಸಾಮಾನ್ಯರಿಗೆ ಸಿಗದು. ಆದರೆ ಇಛಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಸಿಗುತ್ತದೆ. ಅದರ ಬೋಲ್ಟಿನ (ತೋಟಾ ಒಳಗೆ ದೂಡುವ ಅಗುಳಿಯ) ರಚನೆ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ರೈಫಲಿನದೇ. ರೂಪದಲ್ಲಿ ಅಣ್ಣತಮ್ಮ, ಆದರೆ ಸೈನ್ಯದಿಂದ ಕದ್ದ ತೋಟಾ ಅದರಲ್ಲಿ ಕೂಡುವುದಿಲ್ಲ. ರೂಪ ನೋಡಿ ನಿಷೇಧಿಸಿದ್ದರೆ ಮೊದಲು ಹೋಗುತ್ತಿದ್ದದ್ದು ಇದೇ!

ಪ್ರಶ್ನೆ: ಕಾಲೇಜಿನ ಚರ್ಚಾ ಸ್ಪರ್ಧೆಗೆ ಅಮೆರಿಕದ 1994ರ ಬಂದೂಕು ನಿಷೇಧದ ವಿಷಯ ಕೊಟ್ಟಿದ್ದಾರೆ. ಅದು ರೂಪದ ಮೇಲಿನ ನಿಷೇಧವಾಗಿತ್ತೇ?
(ವಿದ್ಯಾರ್ಥಿನಿ, ಬೀದರ್)

ಉತ್ತರ: ಬಹುಪಾಲು ಹೌದು. 1994ರ ಸೆಪ್ಟೆಂಬರ್ 13ರಂದು ಜಾರಿಗೆ ಬಂದು, ಹತ್ತು ವರ್ಷದ ಅವಧಿ ಮುಗಿದು 2004ರಲ್ಲಿ ಬಿದ್ದುಹೋಯಿತು. ಕೆಲವು ಮಾದರಿಗಳನ್ನು ಹೆಸರು ಹಿಡಿದೇ ನಿಷೇಧಿಸಿತ್ತು. ಉಳಿದ ರೈಫಲ್‌ಗಳಿಗೆ ಪರೀಕ್ಷೆ ಹೀಗೆ: ಸೆಮಿ ಆಟೊಮ್ಯಾಟಿಕ್ ಆಗಿದ್ದು, ಅಂದರೆ ಒಂದು ಒತ್ತಿಗೆ ಒಂದೇ ಗುಂಡು ಹಾರಿ ಮುಂದಿನದು ತಾನಾಗಿ ಕೂಡುವಂತಿದ್ದು, ಕಳಚುವ ಮ್ಯಾಗಝೀನ್ (ಗುಂಡು ತುಂಬುವ ಡಬ್ಬಿ) ಇರಬೇಕು. ಜೊತೆಗೆ ಮಡಚುವ ಇಲ್ಲವೆ ಜಗ್ಗುವ, ಭುಜಕ್ಕೆ ಆನಿಸುವ ಹಿಂಬದಿ ಕಟ್ಟು, ಪಿಸ್ತೂಲಿನಂಥ ಹಿಡಿಕೆ, ಬಾಯ್ನೆಟ್ ಸಿಗಿಸುವ ಕೊಂಡಿ, ಬೆಂಕಿಮಿಂಚು ತಗ್ಗಿಸುವ ಮೂತಿ ಇಲ್ಲವೆ ಅದನ್ನು ಕೂಡಿಸಲು ತಿರುಪಿನ ಮರೆ ಕೊರೆದ ನಳಿಕೆ, ಗ್ರೆನೇಡ್ ಲಾಂಚರ್, ಈ ಐದರಲ್ಲಿ ಎರಡಿದ್ದರೆ ನಿಷೇಧ.

ಕಂಪನಿಗಳು ಮಾಡಿದ್ದೇನು? ಎಆರ್-15 ಎಂಬ ಸೆಮಿ ಆಟೊಮ್ಯಾಟಿಕ್ ರೈಫಲಿನ ಬಾಯ್ನೆಟ್ ಕೊಂಡಿ ತೆಗೆದರು, ಮೂತಿಯ ತಿರುಪಿನ ಮರೆ ತೆಗೆದರು, ಕಟ್ಟನ್ನು ಅಲುಗದಂತೆ ಬಿಗಿದರು. ಹಿಡಿಕೆಯೊಂದೇ ಉಳಿಯಿತು, ಲೆಕ್ಕ ಒಂದಕ್ಕೆ ಇಳಿಯಿತು, ಮಾರಾಟ ನಡೆಯಿತು. ಒಳಗಿನ ಯಂತ್ರ, .223 ತೋಟಾ ಎಲ್ಲ ಮೊದಲಿನವೇ. ಅದೇ ತೋಟಾ ಹಾರಿಸುವ, ಕಟ್ಟಿಗೆ ಕಟ್ಟಿನ ರೂಗರ್ ಮಿನಿ-14 ಅಂತೂ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲೇ ಇತ್ತು.

ಎದುರು ಪಕ್ಷದ ವಾದವನ್ನೂ ತಯಾರು ಮಾಡಿಕೊಳ್ಳಿ. ಮಡಚುವ ಕಟ್ಟು ಬರೀ ಅಲಂಕಾರವಲ್ಲ, ಬಂದೂಕನ್ನು ಬಚ್ಚಿಡಲು ಅನುಕೂಲ. ಅದೇ ಕಾಯ್ದೆ 10 ಗುಂಡಿಗಿಂತ ಹೆಚ್ಚು ಹಿಡಿಯುವ ಹೊಸ ಮ್ಯಾಗಝೀನ್‌ಗಳನ್ನೂ ತಡೆದಿತ್ತು. ಅದು ರೂಪದ ಮಾತಲ್ಲ, ಕೆಲಸದ ಮಾತು, ಮತ್ತು ನಮ್ಮ ದೃಷ್ಟಿಯಲ್ಲಿ ಇಡೀ ಕಾಯ್ದೆಯ ಗಟ್ಟಿ ಭಾಗ. ಆದರೆ ಮೊದಲೇ ತಯಾರಾಗಿದ್ದವನ್ನು ಮಾರಲು ಬಿಟ್ಟದ್ದರಿಂದ ಅದೂ ಸೋರಿತು. ಹೋಲಿಕೆಗೆ ನ್ಯೂಜಿಲೆಂಡ್ ತೆಗೆದುಕೊಳ್ಳಿ. ಕ್ರೈಸ್ಟ್‌ಚರ್ಚ್ ಹತ್ಯಾಕಾಂಡದ ನಂತರ 2019ರಲ್ಲಿ ಅವರು ಹಿಡಿಕೆ, ಕೊಂಡಿ ಎಣಿಸಲಿಲ್ಲ. ಸಣ್ಣ .22 ರೈಫಲ್, ಐದು ಗುಂಡಿನ ಶಾಟ್‌ಗನ್‌ನಂಥ ಕೆಲವನ್ನು ಬಿಟ್ಟು ಸೆಮಿ ಆಟೊಮ್ಯಾಟಿಕ್‌ಗಳನ್ನೇ ನಿಷೇಧಿಸಿದರು.

ಪ್ರಶ್ನೆ: ಹಾಗಾದರೆ ರೂಪಕ್ಕೆ ಬೆಲೆಯೇ ಇಲ್ಲವೇ?
(ಓದುಗರು, ಬಸವಕಲ್ಯಾಣ)

ಉತ್ತರ: ಆಟಿಕೆ ಪಿಸ್ತೂಲಿನ ವಿಷಯದಲ್ಲಿ ಇದೆ, ಅಲ್ಲಿ ಅಪಾಯ ಇರುವುದೇ ರೂಪದಲ್ಲಿ. ರಾತ್ರಿ ಗಸ್ತಿನ ಪೊಲೀಸರಿಗೆ ಹತ್ತು ಹೆಜ್ಜೆ ದೂರದಿಂದ ಅಸಲಿ ನಕಲಿ ತಿಳಿಯದು. ಅಮೆರಿಕದಲ್ಲಿ ಅಸಲಿಯಂತೆ ಕಾಣುವ ಆಟಿಕೆಯ ಮೂತಿಗೆ ಕಡು ಕಿತ್ತಳೆ ಬಣ್ಣ ಕಡ್ಡಾಯ. ನಮ್ಮಲ್ಲಿ ಬರಾತಿನಲ್ಲಿ ಅಸಲಿ ಬಂದೂಕನ್ನೇ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ಮುತ್ತಜ್ಜನ ಕಾಲದ ಮದ್ದು ತುಂಬುವ ಬಂದೂಕು ಗೋಡೆಗೆ ತೂಗುಹಾಕಿದ್ದೇವೆ. ತುಕ್ಕು ಹಿಡಿದಿದೆ. ಲೈಸೆನ್ಸ್ ಬೇಕೇ?
(ಓದುಗರು, ಸುರಪುರ)

ಉತ್ತರ: ಇಲ್ಲೂ ಬರೀ ತುಕ್ಕು ಲೆಕ್ಕಕ್ಕಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನ ವಿನಾಯಿತಿ ಸಿಗುವುದು, ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟ ಹಳೆಯ ಆಯುಧಕ್ಕೆ ಮಾತ್ರ. ನಳಿಕೆ ಸೀಳಿದ್ದರೆ, ಹಿಂಬದಿಯ ಬಿರಡೆಯೇ ಇಲ್ಲದಿದ್ದರೆ ಬೇರೆ ಮಾತು. ಬರೀ ಸ್ಪ್ರಿಂಗ್ ಮುರಿದಿದೆ ಎಂದರೆ ಕಮ್ಮಾರ ಒಂದು ಮಧ್ಯಾಹ್ನದಲ್ಲಿ ಸರಿಮಾಡುತ್ತಾನೆ, ಹಾಗಾಗಿ ಈ ವಿನಾಯಿತಿ ಸಿಗದು. ಯಾವುದೆಂದು ನೀವೇ ತೀರ್ಮಾನಿಸದೆ ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೇಳಿ.

ಅದಕ್ಕೂ ಮೊದಲು ಒಳಗೆ ಮದ್ದು ಉಳಿದಿದೆಯೇ ನೋಡಬೇಕು. ಕರಿಮದ್ದು ಒಣಗಿದ್ದರೆ ಎಷ್ಟೋ ವರ್ಷದ ಮೇಲೂ ಹತ್ತಿಕೊಳ್ಳುತ್ತದೆ. ಮೂತಿಯನ್ನು ಯಾರ ಕಡೆಗೂ ತಿರುಗಿಸದೆ, ಪಕ್ಕಕ್ಕೆ ನಿಂತು, ಕಟ್ಟಿಗೆಯ ಸಣ್ಣ ಕೋಲನ್ನು ಮೆಲ್ಲಗೆ ಒಳಗೆ ಬಿಡಿ. ಕಬ್ಬಿಣದ ಸಲಾಕೆ ಬೇಡ, ಕಿಡಿ ಏಳಬಹುದು. ಕೋಲು ನಿಂತಾಗ ಮೂತಿಯ ಮಟ್ಟಕ್ಕೆ ಗುರುತು ಹಾಕಿ ಹೊರತೆಗೆದು, ಅದೇ ಗುರುತನ್ನು ಮೂತಿಗೆ ಹಿಡಿದು ನಳಿಕೆಯ ಹೊರಮೈಗೆ ಮಲಗಿಸಿ. ತುದಿಯು ಕಿಡಿ ಹೋಗುವ ತೂತಿನ ಹತ್ತಿರ ಬಂದರೆ ನಳಿಕೆ ಖಾಲಿ. ಆ ತೂತಿಗಿಂತ ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಮದ್ದು, ಗುಂಡು ಇರುವ ಸಂಭವವೇ ಹೆಚ್ಚು. ಕೆದಕಬೇಡಿ, ಒಲೆಯ ಹತ್ತಿರ ತರಬೇಡಿ, ಠಾಣೆಗೆ ನೀವೇ ಹೊತ್ತೊಯ್ಯಲೂಬೇಡಿ. ಫೋನ್ ಮಾಡಿ ಅವರನ್ನೇ ಮನೆಗೆ ಕರೆಸಿ.