ವಿದೇಶಿ ನೆರವು: ಅಂದ್ಕೊಂಡಿದ್ದೆಷ್ಟು, ಕೊಡೋದೆಷ್ಟು?

ಪ್ರಶ್ನೆ: ಬೇರೆ ದೇಶಗಳಿಗೆ ಸರ್ಕಾರ ದುಡ್ಡು ಕೊಡೋದಂದ್ರೆ ಅಮೆರಿಕದ ಜನಕ್ಕೆ ಯಾಕೆ ಅಷ್ಟು ಕೋಪ? ನಿಜವಾಗ್ಲೂ ಅಷ್ಟೊಂದು ಖರ್ಚಾಗುತ್ತಾ?

ಉತ್ತರ: ಇಲ್ಲಾರೀ, ಎಷ್ಟೋ ಜನಕ್ಕೆ ಲೆಕ್ಕಾನೇ ಗೊತ್ತಿಲ್ಲ. ಅಲ್ಲಿನ ಕೈಸರ್ ಫ್ಯಾಮಿಲಿ ಫೌಂಡೇಶನ್ ಅನ್ನೋ ಆರೋಗ್ಯ ನೀತಿ ಸಂಶೋಧನಾ ಸಂಸ್ಥೆಯ ಸರ್ವೇಗಳಲ್ಲಿ ಕೇಳಿದ್ರೆ ಬಜೆಟ್‌ನ ಸುಮಾರು ಕಾಲು ಭಾಗ ಹೊರಗೆ ಹೋಗುತ್ತೆ ಅಂತ ಸರಾಸರಿ ಉತ್ತರ ಬಂದಿದೆ, ಆದ್ರೆ ಹೋಗ್ತಿದ್ದಿದ್ದು ಹೆಚ್ಚುಕಮ್ಮಿ 1 ಪರ್ಸೆಂಟ್, ಈ ನಂಬರ್ ಹೇಳಿದ್ಮೇಲೆ ‘ಜಾಸ್ತಿ ಆಯ್ತು’ ಅನ್ನೋರು ಎಷ್ಟೋ ಕಮ್ಮಿ ಆಗ್ತಾರೆ. ಶ್ರೀಮಂತ ದೇಶಗಳು ಬಜೆಟ್‌ನಲ್ಲಲ್ಲ, ಇಡೀ ರಾಷ್ಟ್ರೀಯ ಆದಾಯದಲ್ಲಿ 0.7 ಪರ್ಸೆಂಟ್ ಕೊಡ್ಬೇಕು ಅಂತ ವಿಶ್ವಸಂಸ್ಥೆ 1970ರಲ್ಲೇ ಹೇಳಿತ್ತು, ಅಮೆರಿಕ ಆಮೇಲೆ ಅದನ್ನ ಮುಟ್ಟೇ ಇಲ್ಲ. ದುಡ್ಡು ಸರಿಯಾದ ಕೈಗೆ ಸೇರುತ್ತಾ ಅಂತ ಕೇಳೋದು ನ್ಯಾಯಾನೇ, ಕೇಳ್ಲೇಬೇಕು, ಆದ್ರೆ 2003ರಲ್ಲಿ ಶುರುವಾದ, ಬೇರೆ ದೇಶಗಳಲ್ಲಿ ಏಡ್ಸ್ ತಡೆಯೋಕೆ ಅಮೆರಿಕ ದುಡ್ಡು ಕೊಡೋ ಪೆಪ್‌ಫಾರ್ ಯೋಜನೆಯಿಂದ ಎಚ್‌ಐವಿ ಔಷಧಿ ಸಿಕ್ಕಿ ಬದುಕಿರೋ ಲಕ್ಷಾಂತರ ಜನರನ್ನೂ ಆ ಲೆಕ್ಕದಲ್ಲಿ ಇಡಿ.